ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ: ನಮ್ಮ ಪಡಸಾಲೆಗೆ ಯಾವ ಟಿವಿ ಸರಿ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಪಿಯುಸಿ ಓದುವ ಮಗ. 2014ರಲ್ಲಿ ತಂದ 32 ಇಂಚಿನ ಟಿವಿ ಹೋದ ತಿಂಗಳು ಕೈಕೊಟ್ಟಿತು. ಧ್ವನಿ ಬರುತ್ತದೆ, ಚಿತ್ರ ಇಲ್ಲ. 55 ಇಂಚಿನದು ತರೋಣ ಎಂದು ಹುಬ್ಬಳ್ಳಿಗೆ ಬಂದು ಮೂರು ಅಂಗಡಿ ತಿರುಗಿದೆವು. ಒಬ್ಬರು 'ಎಲ್‌ಇಡಿ ಹಳೇದಾತ್ರಿ, ಕ್ಯೂಎಲ್‌ಇಡಿ ತಗೊಳ್ರಿ' ಎಂದರು. ಇನ್ನೊಬ್ಬರು 'ಕ್ಯೂಎಲ್‌ಇಡಿ, ಓಎಲ್‌ಇಡಿ ಎರಡೂ ಒಂದರ ರೀ, ಕಂಪನಿ ಹೆಸರು ಬ್ಯಾರೆ ಅಷ್ಟ' ಎಂದರು. ಮೂರನೆಯವರು 'ಓಎಲ್‌ಇಡಿ ಎರಡು ವರ್ಷದಾಗ ಸುಟ್ಟು ಹೋಗ್ತದ, ಮಿನಿ ಎಲ್‌ಇಡಿನ ಛಲೋ' ಎಂದರು. ತಲೆ ಕೆಟ್ಟು ಬರಿಗೈಲಿ ವಾಪಸ್ ಬಂದೆವು. ನಮ್ಮ ಪಡಸಾಲೆಗೆ ಪೂರ್ವದ ಬಾಗಿಲು, ಬೆಳಿಗ್ಗೆ ಬಿಸಿಲು ಒಳಗೇ ಬರುತ್ತದೆ. ಮಾವ ಬೆಳಗಿನಿಂದ ಸುದ್ದಿ ವಾಹಿನಿ ಹಾಕಿಕೊಂಡು ಕಿಟಕಿ ಬದಿಯ ಕುರ್ಚಿಯಲ್ಲಿ ಕೂರುತ್ತಾರೆ. ಸಂಜೆ ಅತ್ತೆಯ ಧಾರಾವಾಹಿ. ರಾತ್ರಿ ಮಗನ ಕ್ರಿಕೆಟ್, ಗೇಮ್. ಬಜೆಟ್ 60 ಸಾವಿರ, ತೀರಾ ಎಂದರೆ 70. ಕರೆಂಟಿನ ಏರಿಳಿತ ಇದ್ದೇ ಇದೆ. ಕಣ್ಣಿಗೆ ಯಾವುದು ಒಳ್ಳೆಯದು ಎಂಬುದನ್ನೂ ತಿಳಿಸಿ.

ಉತ್ತರ: ಅಕ್ಕೋರೆ, ನಿಮ್ಮ ಪತ್ರ ಎರಡು ಸಲ ಓದಿದೆ. ಇಷ್ಟು ದುಡ್ಡು ಹಾಕಿದರೆ ಮತ್ತೆ ಹತ್ತು ವರ್ಷ ಆ ಕಡೆ ನೋಡಬಾರದು, ಆದರೆ ಯಾರ ಮಾತು ನಂಬಬೇಕು ಎಂಬುದೇ ತಿಳಿಯುತ್ತಿಲ್ಲ. ನಿಮ್ಮ ಚಿಂತೆ ಇದೇ ಅಲ್ವಾ? ಹುಬ್ಬಳ್ಳಿಯಲ್ಲಿ ನಾನು ಟಿವಿ ರಿಪೇರಿಗೆ ಕೂತು 25 ವರ್ಷ ಆಯಿತು. ಪಿಕ್ಚರ್ ಟ್ಯೂಬಿನ ಕಾಲದಿಂದ ಇಲ್ಲಿಯವರೆಗೆ ಬಿಚ್ಚಿ ನೋಡಿದ್ದೇನೆ. ಆ ಮೂವರು ಹೇಳಿದ್ದರಲ್ಲಿ ಒಂದು ಮಾತು ಪೂರ್ತಿ ತಪ್ಪು, ಎರಡು ಅರ್ಧ ನಿಜ.

ಪೂರ್ತಿ ತಪ್ಪಾದದ್ದು ಎರಡನೆಯವರ ಮಾತು. ಕ್ಯೂಎಲ್‌ಇಡಿ ಮತ್ತು ಓಎಲ್‌ಇಡಿ ಒಂದೇ ಅಲ್ಲ. ಬರೆಯುವಾಗ ಒಂದು ಅಕ್ಷರದ ವ್ಯತ್ಯಾಸ, ಒಳಗೆ ಕೆಲಸ ಮಾಡುವ ರೀತಿಯೇ ಬೇರೆ.

ನಮ್ಮ ಕಡೆಯ ತೊಗಲುಗೊಂಬೆ ಆಟ ನೆನಪಿಸಿಕೊಳ್ಳಿ. ಗೊಂಬೆಗೆ ಬಣ್ಣ ಇರುತ್ತದೆ, ಬೆಳಕು ಇರುವುದಿಲ್ಲ. ಹಿಂದೆ ದೀಪ ಹಚ್ಚಿದಾಗ ಮಾತ್ರ ಪರದೆಯ ಮೇಲೆ ರಾಮ, ರಾವಣ ಕಾಣುತ್ತಾರೆ. ಅಂಗಡಿಯಲ್ಲಿ ನೀವು ನೋಡಿದ ಹೆಚ್ಚಿನ ಟಿವಿಗಳು ಹೀಗೆಯೇ. ಮುಂದಿನ ಪದರ ಎಲ್‌ಸಿಡಿ. ಅದು ಸ್ವಂತ ಬೆಳಕು ಕೊಡುವುದಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದಷ್ಟೇ ಅದರ ಕೆಲಸ. ಹಳೆಯ ಎಲ್‌ಸಿಡಿ ಟಿವಿಗಳಲ್ಲಿ ಹಿಂದೆ ಪೆನ್ಸಿಲ್‌ಗಿಂತ ಸಪೂರದ ಟ್ಯೂಬ್‌ಲೈಟುಗಳು ಇರುತ್ತಿದ್ದವು. ಆಮೇಲೆ ಆ ಜಾಗಕ್ಕೆ ಎಲ್‌ಇಡಿ ಬಂತು, ಕಂಪನಿಗಳು ಅದನ್ನೇ 'ಎಲ್‌ಇಡಿ ಟಿವಿ' ಎಂದು ಕರೆದವು. ಬದಲಾಗಿದ್ದು ಗೊಂಬೆಯಲ್ಲ, ಹಿಂದಿನ ದೀಪ.

ಈ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಂಡರೆ ಉಳಿದ ಹೆಸರುಗಳು ತಾನಾಗಿ ಬಿಡಿಸಿಕೊಳ್ಳುತ್ತವೆ. ಅಂಗಡಿಗೆ ಹೋದಾಗ ಕೇಳಬೇಕಾದದ್ದೂ ಇದನ್ನೇ: ಈ ಟಿವಿಯಲ್ಲಿ ದೀಪ ಎಲ್ಲಿದೆ, ಎಷ್ಟು ಭಾಗವಾಗಿ ಉರಿಯುತ್ತದೆ?

ದೀಪವನ್ನು ಪರದೆಯ ಕೆಳ ಅಂಚಿನಲ್ಲೋ ಬದಿಯಲ್ಲೋ ಸಾಲಾಗಿ ಇಟ್ಟು, ಒಂದು ಪ್ಲಾಸ್ಟಿಕ್ ಹಾಳೆಯ ಮೂಲಕ ಬೆಳಕನ್ನು ಇಡೀ ಪರದೆಗೆ ಹರಡಿದರೆ ಅದು ಎಡ್ಜ್ ಲಿಟ್. ಟಿವಿ ತೆಳ್ಳಗೆ, ನೋಡಲು ಚೆಂದ. ಆದರೆ ಶಾಖವೆಲ್ಲ ಒಂದೇ ಅಂಚಿನಲ್ಲಿ ಕೂಡುತ್ತದೆ. ರಾತ್ರಿಯ ದೃಶ್ಯ ಬಂದಾಗ ಮೂಲೆಗಳಲ್ಲಿ ಮೋಡ ಕವಿದ ಹಾಗೆ ಬಿಳುಪು ಕಾಣುತ್ತದೆ. ದೀಪಗಳನ್ನು ಪರದೆಯ ಹಿಂದೆ ಪೂರ್ತಿ ಹರಡಿದರೆ ಅದು ಡೈರೆಕ್ಟ್ ಲಿಟ್. ಟಿವಿ ಸ್ವಲ್ಪ ದಪ್ಪ, ಬೆಳಕು ಸಮ. ಕಡಿಮೆ ಬೆಲೆಯ ಟಿವಿಗಳಲ್ಲಿ ಹೆಚ್ಚಾಗಿ ಇರುವುದು ಇದು. ರಿಪೇರಿಗೂ ಇದೇ ಸುಲಭ. ಆದರೆ ಈ ಎರಡರಲ್ಲೂ ಸಾಮಾನ್ಯವಾಗಿ ದೀಪ ಒಟ್ಟಿಗೇ ಉರಿಯುತ್ತದೆ. ಪರದೆಯ ಒಂದು ಕಡೆ ಚಂದ್ರ, ಉಳಿದದ್ದೆಲ್ಲ ಕತ್ತಲು ಇದ್ದರೂ ಹಿಂದೆ ಎಲ್ಲ ದೀಪವೂ ಬೆಳಗುತ್ತಲೇ ಇರುತ್ತದೆ. ಎಲ್‌ಸಿಡಿ ಪದರ ಎಷ್ಟೇ ಮುಚ್ಚಿದರೂ ಸ್ವಲ್ಪ ಬೆಳಕು ಸೋರುತ್ತದೆ. ಅದಕ್ಕೇ ಕಪ್ಪು ಕಪ್ಪಾಗಿ ಕಾಣದೆ ಬೂದಿ ಬಣ್ಣವಾಗುತ್ತದೆ.

ಇನ್ನು ಕ್ಯೂಎಲ್‌ಇಡಿ. ಇದು ದೀಪದ ಜಾಗ ಬದಲಿಸುವ ವಿಷಯವಲ್ಲ, ಬಣ್ಣದ ವಿಷಯ. ಬಿಳಿ ಎಲ್‌ಇಡಿ ಎನ್ನುತ್ತೇವಲ್ಲ, ಅದು ಒಳಗೆ ನೀಲಿಯೇ. ಮೇಲೆ ಹಳದಿ ಲೇಪ ಇರುವುದರಿಂದ ಬಿಳಿಯಾಗಿ ಕಾಣುತ್ತದೆ. ಆ ಬಿಳಿಯಲ್ಲಿ ಶುದ್ಧ ಕೆಂಪು, ಶುದ್ಧ ಹಸಿರು ಕಡಿಮೆ. ಕ್ಯೂಎಲ್‌ಇಡಿಯಲ್ಲಿ ನೀಲಿ ದೀಪದ ಮುಂದೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಹಾಳೆ ಇರುತ್ತದೆ. ಆ ಕಣಗಳು ನೀಲಿ ಬೆಳಕು ನುಂಗಿ, ತಮ್ಮ ಗಾತ್ರಕ್ಕೆ ತಕ್ಕ ಹಾಗೆ ಕೆಂಪು ಅಥವಾ ಹಸಿರು ಬೆಳಕು ಬಿಡುತ್ತವೆ. 2023ರ ರಸಾಯನಶಾಸ್ತ್ರದ ನೊಬೆಲ್ ಈ ಕಣಗಳ ಸಂಶೋಧನೆಗೇ ಬಂದದ್ದು. ನಿಮ್ಮ ಮಗನಿಗೆ ಹೇಳಿ, ಪಿಯುಸಿ ಹುಡುಗನಿಗೆ ಇಷ್ಟವಾಗುವ ಸಂಗತಿ. ಕ್ಯೂಎಲ್‌ಇಡಿ ಎಂಬ ಹೆಸರನ್ನು ಸ್ಯಾಮ್‌ಸಂಗ್ 2017ರಲ್ಲಿ ತನ್ನ ಟಿವಿಗಳಿಗೆ ಇಟ್ಟಿತು, ಈಗ ಬೇರೆ ಕಂಪನಿಗಳೂ ಬಳಸುತ್ತವೆ. ಇದರಿಂದ ಬಣ್ಣ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಹಿಂದಿನ ದೀಪ ಒಟ್ಟಿಗೇ ಉರಿಯುವ ಕ್ಯೂಎಲ್‌ಇಡಿಯಲ್ಲಿ ಕಪ್ಪು ಬೂದಿಯಾಗಿಯೇ ಇರುತ್ತದೆ. ಮೊದಲ ಅಂಗಡಿಯವರು ಈ ಅರ್ಧ ಹೇಳಲಿಲ್ಲ.

ಮಿನಿ ಎಲ್‌ಇಡಿಗೆ ಬರೋಣ. ನಿಮ್ಮ ಮನೆಗೆ ಇದೇ ಮುಖ್ಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ದೀಪಗಳನ್ನು ಪರದೆಯ ಹಿಂದೆ ತುಂಬಾ ಒತ್ತಾಗಿ ಜೋಡಿಸಿರುತ್ತಾರೆ. ಅವನ್ನು ಗುಂಪು ಗುಂಪಾಗಿ ಬೇರೆ ಬೇರೆ ಹೊತ್ತಿಸಬಹುದು, ಆರಿಸಬಹುದು. ಒಂದೊಂದು ಗುಂಪಿಗೆ ಜೋನ್ ಎನ್ನುತ್ತಾರೆ. ಚಂದ್ರ ಇರುವ ಕಡೆ ಮಾತ್ರ ದೀಪ ಉರಿಯುತ್ತದೆ, ಉಳಿದ ಕಡೆ ಆರುತ್ತದೆ. ಕಪ್ಪು ಹೆಚ್ಚು ಕಪ್ಪಾಗುತ್ತದೆ. ಹಗಲಿನಲ್ಲಿ ಎಲ್ಲ ದೀಪ ಸೇರಿ ಉರಿದರೆ ಬಿಸಿಲು ಬರುವ ಪಡಸಾಲೆಯಲ್ಲೂ ಚಿತ್ರ ಮಂಕಾಗುವುದಿಲ್ಲ.

ಇದರಲ್ಲೂ ಒಂದು ಕೊರತೆ ಇದೆ. 4ಕೆ ಪರದೆಯಲ್ಲಿ, ಅಂದರೆ ಈಗಿನ 55 ಇಂಚಿನ ಟಿವಿಗಳಲ್ಲಿ ಹೆಚ್ಚಾಗಿ ಇರುವ ಪರದೆಯಲ್ಲಿ, ಚಿತ್ರ ಮೂಡಿಸುವ ಸುಮಾರು 83 ಲಕ್ಷ ಚುಕ್ಕೆಗಳಿವೆ. ಟಿವಿಯಲ್ಲಿ 500 ಜೋನ್ ಇದ್ದರೆ ಒಂದೊಂದು ಜೋನ್ 16 ಸಾವಿರಕ್ಕೂ ಜಾಸ್ತಿ ಚುಕ್ಕೆಗಳಿಗೆ ಬೆಳಕು ಕೊಡಬೇಕು. ಹಾಗಾಗಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದರೆ ಅದರ ಸುತ್ತ ಮಂಜಿನ ಹಾಗೆ ಒಂದು ಪ್ರಭೆ ಕಾಣುತ್ತದೆ. ಜೋನ್ ಜಾಸ್ತಿಯಾದಷ್ಟೂ ಇದು ಕಡಿಮೆ. ಮಿನಿ ಎಲ್‌ಇಡಿ ಎಂದು ಕರೆಯಬೇಕಾದರೆ ಇಂತಿಷ್ಟು ಜೋನ್ ಇರಲೇಬೇಕು ಎಂಬ ನಿಯಮ ಇಲ್ಲ. ನೂರಿನ ಆಸುಪಾಸು ಜೋನ್ ಇರುವುದಕ್ಕೂ ಅದೇ ಹೆಸರು, ಸಾವಿರ ದಾಟಿದ್ದಕ್ಕೂ ಅದೇ ಹೆಸರು. 'ಮಿನಿ ಎಲ್‌ಇಡಿ ಐತೇನ್ರಿ' ಎಂದು ಕೇಳಿದರೆ ಸಾಲದು. 'ಎಷ್ಟು ಜೋನ್ ಅದಾವ್ರಿ' ಎಂದು ಕೇಳಿ. ಸಂಖ್ಯೆ ಹೇಳಲು ತಡವರಿಸಿದರೆ ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್ ನಂಬರ್ ಹಾಕಿ ನೋಡಿ.

ಓಎಲ್‌ಇಡಿಯಲ್ಲಿ ಹಿಂದಿನ ದೀಪವೇ ಇಲ್ಲ. ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಎಂದರೆ ಪೂರ್ತಿ ಕಪ್ಪು. ಬದಿಯಲ್ಲಿ ಕೂತು ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ನಾನು ಕಂಡಿಲ್ಲ. ಆದರೆ ಪರದೆ ತುಂಬ ಬಿಳಿ ಬಂದಾಗ ತನ್ನ ಬೆಳಕನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಿಮ್ಮ ಬೆಳಗಿನ ಬಿಸಿಲಿಗೆ ಎದುರು ನಿಲ್ಲುವುದು ಕಷ್ಟ. 55 ಇಂಚಿಗೆ ಬೆಲೆ ಲಕ್ಷದ ಆಸುಪಾಸು.

ಎರಡು ವರ್ಷದಲ್ಲಿ ಸುಟ್ಟು ಹೋಗುತ್ತದೆ ಎಂಬ ಮಾತಿನ ನಿಜ ಇಷ್ಟು. ಅದು ಸುಡುವುದಲ್ಲ, ಸವೆಯುವುದು. ಮನೆಯ ಹೊಸ್ತಿಲು ಕಾಲು ಬೀಳುವ ನಡುಭಾಗದಲ್ಲಿ ಮಾತ್ರ ಸವೆಯುತ್ತದಲ್ಲ, ಹಾಗೆ. ಓಎಲ್‌ಇಡಿಯ ಚುಕ್ಕೆಗಳು ಉರಿದಷ್ಟೂ ನಿಧಾನಕ್ಕೆ ಮಂಕಾಗುತ್ತವೆ. ಎಲ್ಲ ಕಡೆ ಸಮವಾಗಿ ಉರಿದರೆ ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಸುದ್ದಿ ವಾಹಿನಿಯ ಲೋಗೊ, ಕೆಳಗಿನ ಕೆಂಪು ಪಟ್ಟಿ ದಿನಕ್ಕೆ ಎಂಟು ಹತ್ತು ತಾಸು ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಮಾತ್ರ ಬೇಗ ಸವೆದು, ವಾಹಿನಿ ಬದಲಿಸಿದರೂ ನೆರಳು ಉಳಿಯುತ್ತದೆ. ಬೇರೆ ಬೇರೆ ಕಾರ್ಯಕ್ರಮ ನೋಡುವ ಮನೆಯಲ್ಲಿ ವರ್ಷಗಟ್ಟಲೆ ಏನೂ ಆಗದೆ ನಡೆಯುವುದನ್ನೂ ನೋಡಿದ್ದೇನೆ.

ಇದರ ಜೊತೆಗೆ ಅಂಗಡಿಯವರು ಹೆಚ್ಚಾಗಿ ಹೇಳದ ಒಂದು ಸಂಗತಿ ಇದೆ. ಈ ಸವೆತ ಸರಿದೂಗಿಸಲು ಓಎಲ್‌ಇಡಿ ಟಿವಿ ತನ್ನ ಆರೈಕೆ ತಾನೇ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಒಟ್ಟು ನಾಲ್ಕು ತಾಸು ಓಡಿದ ಮೇಲೆ ರಿಮೋಟಿನಿಂದ ಆಫ್ ಮಾಡಿದಾಗ ಕೆಲವು ನಿಮಿಷ ಒಳಗೊಳಗೇ ಈ ಕೆಲಸ ನಡೆಯುತ್ತದೆ. ಅದಕ್ಕೆ ಕರೆಂಟ್ ಬೇಕು. ನಮ್ಮ ಮನೆಗಳಲ್ಲಿ ಮಲಗುವಾಗ ಬೋರ್ಡಿನ ಸ್ವಿಚ್ಚೇ ಆರಿಸುತ್ತೇವೆ. ಹಿರಿಯರು ಕಲಿಸಿದ ಒಳ್ಳೆಯ ರೂಢಿ ಅದು. ಆದರೆ ಓಎಲ್‌ಇಡಿಗೆ ಅದೇ ಮುಳುವು. ಲೋಗೊ ನೆರಳು ಬಿದ್ದ ಟಿವಿ ನನ್ನ ಬಳಿ ಬಂದಾಗ ಮೊದಲು ಕೇಳುವುದು ಇದನ್ನೇ. 'ದಿನಾ ರಾತ್ರಿ ಬೋರ್ಡ್ ಬಂದ್ ಮಾಡ್ತೇವ್ರಿ' ಎಂಬ ಉತ್ತರ ಎಷ್ಟು ಸಲ ಕೇಳಿದ್ದೇನೋ!

ಹಾಗಾದರೆ ನಿಮಗೆ ಯಾವುದು? ನಿಮ್ಮ ಮಾವನವರ ಹಗಲಿಡೀ ಸುದ್ದಿ, ಪೂರ್ವದ ಬಿಸಿಲು, 70 ಸಾವಿರದ ಮಿತಿ, ಮೂರೂ ಸೇರಿದರೆ ಓಎಲ್‌ಇಡಿ ಬೇಡ. ನನ್ನ ಆಯ್ಕೆ ಕ್ವಾಂಟಮ್ ಡಾಟ್ ಹಾಳೆ ಇರುವ ಮಿನಿ ಎಲ್‌ಇಡಿ. ಈಗ ನಿಮ್ಮ ಬಜೆಟ್ಟಿನ ಹತ್ತಿರವೇ ಸಿಗತೊಡಗಿವೆ. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದದ್ದೂ ನಿಮಗೆ ಅನುಕೂಲ. ಬಿಲ್ಲಿನಲ್ಲಿ ಶೇ 18 ಎಂದೇ ಇದೆಯೇ ನೋಡಿಕೊಳ್ಳಿ.

ಇದರಲ್ಲಿ ಒಂದು ಅಪಾಯ ನಿಮ್ಮ ಮಾವನವರ ಕುರ್ಚಿಯದು. ಎಲ್‌ಸಿಡಿ ಪದರದಲ್ಲಿ ಎರಡು ಮುಖ್ಯ ಬಗೆ. ವಿಎ ಎಂಬುದು ಬೆಳಕನ್ನು ಗಟ್ಟಿಯಾಗಿ ತಡೆಯುತ್ತದೆ, ಎದುರು ಕೂತವರಿಗೆ ಕಪ್ಪು ಚೆನ್ನಾಗಿ ಕಾಣುತ್ತದೆ. ಬದಿಗೆ ಸರಿದರೆ ಬಣ್ಣ ತೊಳೆದು ಹೋದ ಹಾಗಾಗುತ್ತದೆ. ಐಪಿಎಸ್ ಎಂಬುದರಲ್ಲಿ ಬದಿಯಿಂದಲೂ ಬಣ್ಣ ಸರಿ, ಆದರೆ ಕಪ್ಪು ಬಿಳುಚು. ಹೆಚ್ಚಿನ ಮಿನಿ ಎಲ್‌ಇಡಿಗಳು ವಿಎ. ಕಿಟಕಿ ಬದಿಯ ಕುರ್ಚಿಯಿಂದ ಅವರಿಗೆ ಚಿತ್ರ ಪೇಲವ ಕಾಣಬಹುದು. ಅಂಗಡಿಯಲ್ಲಿ ಎದುರು ಮಾತ್ರ ನಿಲ್ಲಬೇಡಿ. ನಿಮ್ಮ ಪಡಸಾಲೆಯಲ್ಲಿ ಆ ಕುರ್ಚಿ ಎಷ್ಟು ಓರೆಗಿದೆಯೋ ಅಷ್ಟೇ ಓರೆಗೆ ನಿಂತು ನೋಡಿ. ಸಾಧ್ಯವಾದರೆ ಮಾವನವರನ್ನೇ ಕರೆದುಕೊಂಡು ಹೋಗಿ. ಗೋಡೆಗೆ ಹಾಕುವಾಗ ಅತ್ತಿತ್ತ ತಿರುಗುವ ಬ್ರಾಕೆಟ್ ಹಾಕಿಸಿದರೆ ಹಗಲು ಅವರ ಕಡೆ, ರಾತ್ರಿ ನಿಮ್ಮ ಕಡೆ ತಿರುಗಿಸಬಹುದು. ಸ್ವಲ್ಪ ಖರ್ಚು ಜಾಸ್ತಿ, ಆದರೆ ಜಗಳ ಇಲ್ಲ.

ಓರೆಯಿಂದ ನೋಡುವುದು ಅವರಿಗೆ ಸರಿಬರದೇ ಹೋದರೆ ಸಾಧಾರಣ ಐಪಿಎಸ್ ಡೈರೆಕ್ಟ್ ಎಲ್‌ಇಡಿ 4ಕೆ ಟಿವಿ ತನ್ನಿ. ದುಡ್ಡೂ ಉಳಿಯುತ್ತದೆ. ಸುದ್ದಿ, ಧಾರಾವಾಹಿ, ಕ್ರಿಕೆಟ್ಟಿಗೆ ಸಾಕಾಗುತ್ತದೆ. ರಾತ್ರಿಯ ಸಿನಿಮಾದಲ್ಲಿ, ಬೆಳಗಿನ ಬಿಸಿಲಿನಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ಯಿರಿ. ಮಗನಿಂದ ಒಂದು ಚಿತ್ರ ಮಾಡಿಸಿ ಹಾಕಿ: ಪೂರ್ತಿ ಕಪ್ಪು, ನಡುವೆ ಒಂದು ಚಿಕ್ಕ ಬಿಳಿ ಚೌಕ. ಜೊತೆಗೆ ನಿಮ್ಮ ಮನೆಯ ದೀಪಾವಳಿ ರಾತ್ರಿಯ ಮೊಬೈಲ್ ವಿಡಿಯೊ ಇರಲಿ. ಅಂಗಡಿಯವರು ಹಾಕುವ ಹೂವು, ಗಿಳಿ, ಸಮುದ್ರದ ವಿಡಿಯೊದಲ್ಲಿ ಎಲ್ಲ ಟಿವಿಯೂ ಚೆಂದವೇ. ನಿಮ್ಮ ಕಪ್ಪು ಚಿತ್ರ ಹಾಕಿದಾಗ ಪರದೆಯೆಲ್ಲ ಬೂದಿಯಾದರೆ ಜೋನ್ ಇಲ್ಲ. ಚೌಕದ ಸುತ್ತ ಮಾತ್ರ ತುಸು ಪ್ರಭೆ ಇದ್ದು ಉಳಿದದ್ದು ಕಪ್ಪಾಗಿದ್ದರೆ ಜೋನ್ ಕೆಲಸ ಮಾಡುತ್ತಿದೆ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಎರಡು ನಿಮಿಷದ ಈ ಪರೀಕ್ಷೆಗೆ ಸಮ ಅಲ್ಲ. 'ಮೋಷನ್ 240' ಎಂಬಂಥ ಬರಹಕ್ಕೆ ಬೆಲೆ ಕೊಡಬೇಡಿ. ಪರದೆಯ ನಿಜವಾದ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬುದು, 60 ಹರ್ಟ್ಸೋ 120 ಹರ್ಟ್ಸೋ ಎಂದು ಕೇಳಿ. ಮಗನ ಗೇಮಿಗೆ 120 ಇದ್ದರೆ ಒಳ್ಳೆಯದು, ಉಳಿದವರಿಗೆ 60 ಸಾಕು.

ದೊಡ್ಡ ಟಿವಿ ಮನೆಗೆ ಬಂದ ದಿನ ಒಂದು ನಿರಾಸೆ ಕಾದಿರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಕೇಬಲ್ಲಿನ ಸಾಧಾರಣ ಎಸ್‌ಡಿ ವಾಹಿನಿಯ ಚಿತ್ರ ಹೆಚ್ಚೆಂದರೆ 720ಕ್ಕೆ 576 ಚುಕ್ಕೆ. 4ಕೆ ಪರದೆಯಲ್ಲಿ ಅದರ ಸರಿಯಾಗಿ 20 ಪಟ್ಟು ಚುಕ್ಕೆಗಳಿವೆ. ಬಂದ ಒಂದು ಚುಕ್ಕೆಯಿಂದ ಟಿವಿ 20 ಚುಕ್ಕೆ ತುಂಬಬೇಕು. ಅತ್ತೆಯವರ ಧಾರಾವಾಹಿ ಹಳೆ 32 ಇಂಚಿನಲ್ಲಿ ಕಂಡಷ್ಟು ಚೊಕ್ಕ ಕಾಣದೆ ಇರಬಹುದು. ಟಿವಿಯ ದೋಷ ಅಲ್ಲ ಅದು. ಅವರು ನೋಡುವ ನಾಲ್ಕಾರು ವಾಹಿನಿಗಳ ಎಚ್‌ಡಿ ಪ್ಯಾಕ್ ಹಾಕಿಸಿ.

ಕಣ್ಣಿನ ವಿಷಯಕ್ಕೆ ಬಂದರೆ, ಟಿವಿಯ ನೀಲಿ ಬೆಳಕಿನಿಂದ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಈ ಕಾರಣಕ್ಕೆ ಯಾವ ತಂತ್ರಜ್ಞಾನವನ್ನೂ ಬಿಡಬೇಕಿಲ್ಲ. ಕಣ್ಣು ದಣಿಯುವುದು ಕತ್ತಲೆ ಕೋಣೆಯಲ್ಲಿ ಟಿವಿಯನ್ನು ಪೂರ್ತಿ ಬೆಳಕಿಗೆ ಇಟ್ಟು ನೋಡಿದಾಗ. ಟಿವಿ ಹಿಂದೆ ಒಂದು ಸಣ್ಣ ದೀಪ ಇರಲಿ, 55 ಇಂಚಿಗೆ ಏಳೆಂಟು ಅಡಿ ದೂರ ಇರಲಿ.

ಕರೆಂಟಿಗೆ ಸ್ಟೆಬಿಲೈಜರ್ ಬೇಕೇ? ಟಿವಿ ಹಿಂದಿನ ಚೀಟಿ ನೋಡಿ. ಹೆಚ್ಚಿನವುಗಳಲ್ಲಿ '100-240 ವೋಲ್ಟ್' ಎಂದಿರುತ್ತದೆ. ವೋಲ್ಟೇಜ್ ಕಡಿಮೆಯಾದರೆ ಅದಕ್ಕೆ ತೊಂದರೆ ಇಲ್ಲ. ಕೊಲ್ಲುವುದು ಎರಡು. ಕಂಬದಲ್ಲಿ ನ್ಯೂಟ್ರಲ್ ಸಡಿಲವಾಗಿ ಮನೆಗೆ ವೋಲ್ಟೇಜ್ ಏಕಾಏಕಿ ಏರುವುದು ಒಂದು. ಇದಕ್ಕೆ ಹೈ ವೋಲ್ಟೇಜ್ ಕಟ್ ಇರುವ ಸಾಧನ ಹಾಕಿಸಿ. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬಿದ್ದ ಮರುದಿನ ನನ್ನ ಅಂಗಡಿ ಮುಂದೆ ಟಿವಿಗಳ ಸಾಲು. ಅದರಲ್ಲಿ ಬಹಳಷ್ಟು ಕರೆಂಟ್ ತಂತಿಯಿಂದ ಅಲ್ಲ, ಡಿಶ್ ತಂತಿಯಿಂದ ಹೊಡೆತ ತಿಂದವು. ಮೋಡ ಗುಡುಗಲು ಶುರುವಾದರೆ ಪ್ಲಗ್ ಕಿತ್ತರೆ ಸಾಲದು, ಡಿಶ್ ಮತ್ತು ಇಂಟರ್‌ನೆಟ್ ತಂತಿಯನ್ನೂ ಬಿಡಿಸಿ.

ಟಿವಿ ಬಂದ ದಿನವೇ ಮಾಡಬೇಕಾದ ಒಂದು ಕೆಲಸ ಇದೆ. ಸೆಟ್ಟಿಂಗಿನಲ್ಲಿ ವಿವಿಡ್ ಅಥವಾ ಡೈನಾಮಿಕ್ ಎಂದಿದ್ದರೆ ತೆಗೆದು ಸ್ಟ್ಯಾಂಡರ್ಡ್ ಅಥವಾ ಸಿನಿಮಾಕ್ಕೆ ಹಾಕಿ. ಬ್ಯಾಕ್‌ಲೈಟ್ 100 ಇದ್ದರೆ ರಾತ್ರಿ ಹೊತ್ತು 50ರಿಂದ 60ಕ್ಕೆ ಇಳಿಸಿ, ಬೆಳಿಗ್ಗೆ ಬೇಕಾದರೆ ಏರಿಸಿ. ನನ್ನ ಬಳಿ ಚಿತ್ರ ಹೋಗಿ ಬರುವ ಟಿವಿಗಳಲ್ಲಿ ಹೆಚ್ಚಿನವುಗಳ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಮುಂದಿನ ಪರದೆ, ಚೆನ್ನಾಗಿಯೇ ಇರುತ್ತದೆ. ವರ್ಷಗಟ್ಟಲೆ ಪೂರ್ತಿ ಬೆಳಕಿಗೆ ಉರಿದು, ಕಾದು, ಹಿಂದಿನ ದೀಪದ ಪಟ್ಟಿ ಹೋಗಿರುತ್ತದೆ. ಪರದೆ ನೀಲಿಯಾಗುತ್ತ ಹೋಗುವುದು, ಗುಂಡನೆ ಬಿಳಿ ಮಚ್ಚೆ ಕಾಣುವುದು ಅದರ ಮುನ್ಸೂಚನೆ. ವಾರಂಟಿಯಲ್ಲಿ ಬ್ಯಾಕ್‌ಲೈಟ್ ಪ್ಯಾನೆಲ್ಲಿನ ಜೊತೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಇದೇ ವಿಷಯಕ್ಕೆ ಗ್ರಾಹಕರು ಅಲೆದದ್ದನ್ನು ನೋಡಿದ್ದೇನೆ.

ಹುಬ್ಬಳ್ಳಿಯಲ್ಲಿ ಕೊಂಡರೆ ಗದಗಿನವರೆಗೆ ಸುಮಾರು 60 ಕಿ.ಮೀ. ದಾರಿ. ಡಬ್ಬಿ ನಿಲ್ಲಿಸಿಯೇ ಒಯ್ಯಬೇಕು. ಹೋದ ವರ್ಷ ನವಲಗುಂದದ ಕಡೆಯ ಒಬ್ಬರು 55 ಇಂಚಿನದನ್ನು ಗೂಡ್ಸ್ ಗಾಡಿಯಲ್ಲಿ ಮಲಗಿಸಿ, ಮೇಲೆ ಮಿಕ್ಸರ್ ಡಬ್ಬಿ ಇಟ್ಟು ಒಯ್ದರು. ಮನೆಯಲ್ಲಿ ಬಿಚ್ಚಿದಾಗ ಪರದೆ ಒಳಗೊಳಗೇ ಸೀಳಿತ್ತು. ಒಡೆದ ಪ್ಯಾನೆಲ್ಲಿಗೆ ವಾರಂಟಿ ಇಲ್ಲ, ಹೊಸ ಪ್ಯಾನೆಲ್ಲಿಗೆ ಹೊಸ ಟಿವಿಯ ಹತ್ತಿರ ಹತ್ತಿರ ಬೆಲೆ. ಅವರ ಮುಖ ಈಗಲೂ ಕಣ್ಣ ಮುಂದಿದೆ. ಮನೆಗೆ ತಲುಪಿಸಿ, ಅಲ್ಲೇ ಬಿಚ್ಚಿ, ಹಚ್ಚಿ ತೋರಿಸುವ ಹೊಣೆ ಅಂಗಡಿಯವರಿಗೇ ಇರಲಿ.

ಕೊನೆಯದಾಗಿ ನಿಮ್ಮ ಹಳೆಯ ಟಿವಿ. ಅಂಗಡಿಗೆ ಹೋಗುವ ಮೊದಲು ಇವತ್ತು ರಾತ್ರಿಯೇ ಇದನ್ನು ಮಾಡಿ. ಕೋಣೆ ಕತ್ತಲು ಮಾಡಿ, ಟಿವಿ ಹಚ್ಚಿ, ಧ್ವನಿ ಬರುವಾಗ ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ, ಓರೆಯಾಗಿ ಹಿಡಿಯಿರಿ. ಮಸುಕಾಗಿ ಜನ ಓಡಾಡುವುದು ಕಂಡರೆ ಪ್ಯಾನೆಲ್ ಜೀವಂತ ಇದೆ, ಹೆಚ್ಚಾಗಿ ಹಿಂದಿನ ದೀಪದ ಪಟ್ಟಿ ಹೋಗಿರುತ್ತದೆ. ಪಟ್ಟಿಯ ಎಲ್‌ಇಡಿಗಳು ಸರಪಳಿಯ ಹಾಗೆ ಸಾಲಾಗಿ ಜೋಡಿಸಿದವು. ಒಂದು ಹೋದರೂ ಸಾಲಿಗೆ ಸಾಲೇ ಆರುತ್ತದೆ. 32 ಇಂಚಿಗೆ ಪಟ್ಟಿ ಬದಲಿಸುವುದು ದೊಡ್ಡ ಖರ್ಚಲ್ಲ, ಗದಗಿನಲ್ಲೇ ಮಾಡುವವರಿದ್ದಾರೆ. ಎಲ್ಲ ಪಟ್ಟಿಗಳನ್ನೂ ಒಟ್ಟಿಗೇ ಬದಲಿಸಲು ಹೇಳಿ. ಒಂದನ್ನೇ ಬದಲಿಸಿದರೆ ಉಳಿದ ಹಳೆಯವು ಒಂದೊಂದಾಗಿ ಹೋಗುತ್ತವೆ.

ಅದು ಸರಿಯಾದರೆ ಮಾವನವರ ಕುರ್ಚಿಯ ಎದುರೇ ಇಡಿ. ಸುದ್ದಿ ಅಲ್ಲಿ ನಡೆಯಲಿ. ಆಗ ಹೊಸ ಟಿವಿಗೆ ಹಗಲಿಡೀ ಉರಿಯುವ ಕೆಲಸ ಇರುವುದಿಲ್ಲ, ಓರೆ ಕುರ್ಚಿಯ ಸಮಸ್ಯೆಯೂ ಇರುವುದಿಲ್ಲ. ಜೋನ್ ಜಾಸ್ತಿ ಇರುವ ವಿಎ ಮಿನಿ ಎಲ್‌ಇಡಿಯನ್ನು ಧೈರ್ಯವಾಗಿ ತರಬಹುದು. ಟಾರ್ಚ್ ಹಿಡಿದಾಗ ಏನು ಕಂಡಿತು ಎಂದು ಬರೆಯಿರಿ.